ಇಂಟರ್ನೆಟ್ ಬರಲಿ, ಬೇವಿನ ಮರಾನೂ ಉಳೀಲಿ

ಮನಿಗೆ ಇಂಟರ್ನೆಟ್ ಬೇಕಂದ್ರೆ ಮರ ಕಡೀಬೇಕಾ? ತುರ್ವಿಹಾಳ ಹತ್ತಿರದ ನಮ್ಮ ತೋಟದ ಮನೆಗೆ ಏರ್‌ಫೈಬರ್ ಕೂಡಿಸಲು ಬಂದ ಹುಡುಗ ಮಾಳಿಗೆ ಹತ್ತಿ ನೋಡಿದವನೇ, "ಅಣ್ಣಾ, ಟವರಿಗೆ ಈ ಬೇವಿನ ಮರ ಅಡ್ಡ ಐತಿ. ಎರಡು ದೊಡ್ಡ ಟೊಂಗಿ ಕಡಿಸಿಬಿಡ್ರಿ" ಅಂದ. ಅಂಗಳದಲ್ಲಿದ್ದ ಅವ್ವ, "ಹಂಗಾದ್ರ ನಿನ್ನ ಡಬ್ಬಿ ವಾಪಸ್ ಒಯ್ಯಪ್ಪಾ" ಅಂದಳು.

ಅವ್ವನ ಮಾತು ಬರೀ ಹಟವಲ್ಲ. ಮುಂಗಾರಿನ ಹೊತ್ತಿಗೆ ಆ ಮರದಡಿ ಉದುರುವ ಹಣ್ಣು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಡುತ್ತೇವೆ. 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜದ ತಿರುಳಿನ ಪುಡಿ ಹಾಕಿದರೆ ಶೇ. 5ರ ಕಷಾಯ. ನಮ್ಮಂಥ ಸಾವಯವ ಬೆಳೆಗಾರರಿಗೆ ಆ ಮರವೇ ಔಷಧಿ ಅಂಗಡಿ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ನೋಡೋಣ. ನಮ್ಮ ದೇಶದಲ್ಲಿ 5ಜಿ ಆಧಾರದ ಏರ್‌ಫೈಬರ್ ಅನ್ನು ಏರ್‌ಟೆಲ್ ಮತ್ತು ಜಿಯೋ 2023ರಲ್ಲಿ ಶುರು ಮಾಡಿದವು. ಮಾಳಿಗೆ ಮೇಲಿನ ಡಬ್ಬಿ ಟವರಿನ ಸಿಗ್ನಲ್ ಹಿಡಿಯುತ್ತದೆ. ಅಲ್ಲಿಂದ ಒಂದು ಕೇಬಲ್ ಇಳಿದು ಒಳಗಿನ ವೈಫೈ ರೂಟರಿಗೆ ಸೇರುತ್ತದೆ. ಮೇಲಿನ ಡಬ್ಬಿಗೆ ಕರೆಂಟ್ ಹೋಗುವುದೂ ಸಾಮಾನ್ಯವಾಗಿ ಅದೇ ಕೇಬಲ್ಲಿನಲ್ಲಿ. ಎಡದಂಡೆ ಕಾಲುವೆ ಭಾಗದಲ್ಲಿ ಹೊಲದಾಗ ಒಂದೊಂದೇ ಮನೆ ಇರುವ ನಮಗೆ ಇದು ಅನುಕೂಲ. ಅಷ್ಟು ದೂರ ನೆಲ ಅಗೆದು ಫೈಬರ್ ಎಳೆಯೋದು ಸುಲಭವಲ್ಲ.

ಎಲೆ ಸಿಗ್ನಲ್ ತಡೀತಾವ ಅನ್ನೋದು ನಿಜ. ಎಲೆಯಲ್ಲಿನ ನೀರು ಅಲೆಗಳನ್ನು ಹೀರುತ್ತದೆ, ಮಳೆಯಲ್ಲಿ ತೊಯ್ದ ಎಲೆ ಇನ್ನಷ್ಟು. ಬೇವು ಎಲೆ ಉದುರಿಸಿದಾಗ ಚೆಂದ ನಡೆದದ್ದು ಮಳೆಗಾಲದಲ್ಲಿ ಕೈ ಕೊಡಬಹುದು. ಆದರೆ ಅದಕ್ಕೆ ಪರಿಹಾರ ಕೊಡಲಿ ಅಲ್ಲ, ಜಾಗ ಬದಲಿಸೋದು. ನಾವು ಡಬ್ಬಿಯನ್ನು ಮಾಳಿಗೆಯ ನಾಲ್ಕೂ ಮೂಲೆಯಲ್ಲಿ ಹಿಡಿದು ನೋಡಿದೆವು. ದನದ ಕೊಟ್ಟಿಗೆ ಕಡೆಯ ಮೂಲೆಯಲ್ಲಿ 10 ಅಡಿ ಪೈಪಿನ ಮೇಲೆ ಏರಿಸಿದಾಗ ಮರ ಪಕ್ಕಕ್ಕೆ ಸರಿಯಿತು. ಪೈಪು, ಕೇಬಲ್ಲಿಗೆ ಸ್ವಲ್ಪ ಹೆಚ್ಚು ಖರ್ಚಾಯಿತು, ಅಷ್ಟೇ. ಮಳೆಗಾಲಾನೂ ದಾಟಿತು.

ಆ ಹುಡುಗನದು ತಪ್ಪು ಅನ್ನಲಾರೆ. ದಿನಕ್ಕೆ ನಾಲ್ಕಾರು ಮನಿ ತಿರುಗುವವನಿಗೆ ಅವಸರ ಇರ್ತದ. ಕೇಳಬೇಕಾದವರು ನಾವು. ಹಾಕಿಸುವ ಮುಂಚೆ ಇಷ್ಟು ನೋಡಿಕೊಳ್ಳಿ:

1. ಗೋಡೆಗೆ ತೂತು ಹೊಡೆಯುವ ಮೊದಲೇ ಬೇರೆ ಬೇರೆ ಕಡೆ ಸಿಗ್ನಲ್, ಸ್ಪೀಡ್ ಪರೀಕ್ಷೆ ಮಾಡಿಸಿ. ಮನೆ ಮಾಳಿಗೆ ಆಗದಿದ್ದರೆ ಪಂಪ್‌ಸೆಟ್ ಕೋಣೆ ನೋಡಿ. ಈ ಬಗೆಯ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ.

2. ಪೈಪು ಕ್ಲ್ಯಾಂಪ್ ಹಾಕಿ ಬಿಗಿಯಾಗಿ ನಿಲ್ಲಿಸಿ. ಗಾಳಿಗೆ ಡಬ್ಬಿ ತಿರುಗಿದರೆ ಸಿಗ್ನಲ್ ಬಿದ್ದುಹೋಗುತ್ತದೆ.

3. ಕರೆಂಟ್ ವೈರಿನ ಹತ್ತಿರ ಪೈಪು ಎತ್ತಲೇಬೇಡಿ. ಅರ್ತಿಂಗ್ ಮಾಡಿಸಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆದಿಡಿ.

4. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ಕೇಬಲ್ ಒಳಹೋಗುವ ಮುಂಚೆ ಕೆಳಗೆ ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

5. ರೂಟರ್, ಅಡಾಪ್ಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಇಲ್ಲಾಂದ್ರೆ ಕರೆಂಟ್ ಹೋದಾಗ ಇಂಟರ್ನೆಟ್ಟೂ ಹೋಗ್ತದ.

ಪಹಣಿ ತೆಗೆಯಲು, ಬೆಳೆ ಸಮೀಕ್ಷೆ ಆ್ಯಪ್‌ಗೆ, ಸಿಂಧನೂರು ಮಾರುಕಟ್ಟೆಯ ಧಾರಣೆ ನೋಡಲು ಇಂಟರ್ನೆಟ್ ಬೇಕೇ ಬೇಕು. ಆದರೆ ಪೈಪು ನಿಲ್ಲಿಸಲು ಅರ್ಧ ದಿನ ಸಾಕು, ತುಂಬಾ ಹಣ್ಣು ಬಿಡುವ ಬೇವಿಗೆ ವರ್ಷಗಳೇ ಬೇಕು. ಮುಂದಿನ ಸಲ ಯಾರಾದರೂ "ಮರ ಅಡ್ಡ ಐತಿ" ಅಂದ್ರೆ, "ಡಬ್ಬೀನ ಸರಿಸಿ ನೋಡು ತಮ್ಮಾ" ಅನ್ನಿ.