ಕಾರ್ಡಿಗೆ ಗಡಿಯಾರವಿಲ್ಲ!

ಬ್ಯಾಂಕಿನ ಚಿಪ್ ಕಾರ್ಡನ್ನು ಯಂತ್ರಕ್ಕೆ ತೂರಿಸಿ ನಾವು ಕಾಯುತ್ತೇವಲ್ಲ, ಆಗ ಯಂತ್ರವೂ ಕಾರ್ಡಿನ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಎಷ್ಟು ಹೊತ್ತು? ಬೇಗ ಕೈಬಿಟ್ಟರೆ ಒಳ್ಳೆಯ ಕಾರ್ಡೂ ‘ಕೆಟ್ಟಿದೆ’ ಎನಿಸಿಕೊಳ್ಳುತ್ತದೆ. ಕಾಯುತ್ತಲೇ ಇದ್ದರೆ ನಮ್ಮ ಹಿಂದೆ ಸಾಲು ಬೆಳೆಯುತ್ತದೆ.

ಸ್ವಾರಸ್ಯವೆಂದರೆ, ಈ ಮಾತುಕತೆಯ ಮಟ್ಟಿಗೆ ಕಾರ್ಡಿಗೆ ಸೆಕೆಂಡೆಂಬುದೇ ಗೊತ್ತಿಲ್ಲ. ಯಂತ್ರ ಕಳಿಸುವ ವಿದ್ಯುತ್ ಮಿಡಿತಗಳೇ ಅದರ ಗಡಿಯಾರ. ಐಎಸ್‌ಓ 7816 ಮಾನಕದಂತೆ ಆರಂಭದಲ್ಲಿ ಒಂದು ಬಿಟ್ ಸಾಗಲು 372 ಮಿಡಿತ ಬೇಕು. ‘ಟಿ=0’ ಎಂಬ ಕ್ರಮದಲ್ಲಿ, ಕಾರ್ಡು ಬೇರೇನೂ ಹೇಳದಿದ್ದರೆ, ಯಂತ್ರ 9,600 ಬಿಟ್‌ಗಳಷ್ಟು ಹೊತ್ತು ಕಾಯಬೇಕು. ಗುಣಿಸಿ ನೋಡಿ: 35,71,200 ಮಿಡಿತ. ಯಂತ್ರ ಸೆಕೆಂಡಿಗೆ ಅಷ್ಟೇ ಮಿಡಿತ ಕೊಟ್ಟರೆ ಗಡುವು ಸರಿಯಾಗಿ ಒಂದು ಸೆಕೆಂಡು. 50 ಲಕ್ಷ ಕೊಟ್ಟರೆ ಸುಮಾರು 0.71, 25 ಲಕ್ಷಕ್ಕಿಳಿದರೆ 1.43. ಆಗಲೂ ‘ಒಂದು ಸೆಕೆಂಡು’ ಎಂದೇ ಬರೆದಿಟ್ಟ ಪ್ರೋಗ್ರಾಮು, ಇನ್ನೂ ಅವಧಿಯಿರುವ ಕಾರ್ಡನ್ನು ಹೊರಗಟ್ಟಿಬಿಡುತ್ತದೆ. ತಪ್ಪು ಕಾರ್ಡಿನದಲ್ಲ, ಲೆಕ್ಕದ್ದು.

ಗುಪ್ತಲಿಪಿಯ ಲೆಕ್ಕ ಮುಗಿಯದೇ ಹೋದರೆ? ಗಡುವಿಗೆ ಮುನ್ನ ಕಾರ್ಡು ಒಂದು ಬೈಟ್ ಕಳಿಸುತ್ತದೆ. ಹದಿನಾರರ ಎಣಿಕೆಯಲ್ಲಿ ಅದು 60. ಅಂದರೆ, ‘ತಾಳಿ, ಇನ್ನೂ ಮಾಡುತ್ತಿದ್ದೇನೆ’. ಯಂತ್ರ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. (ಪರೀಕ್ಷಾ ಕೊಠಡಿಯಲ್ಲಿ ಈ ಸೌಲಭ್ಯವಿಲ್ಲ, ಮಕ್ಕಳೇ!) ‘ಟಿ=1’ ಎಂಬ ಇನ್ನೊಂದು ಕ್ರಮ ತುಸು ಬಿಗಿ. ಅಲ್ಲಿ ಎಷ್ಟು ಪಟ್ಟು ಹೊತ್ತು ಬೇಕೆಂದು ಕಾರ್ಡು ಅಂಕಿ ಹೇಳಿ ಕೇಳಬೇಕು, ಯಂತ್ರ ಅದೇ ಅಂಕಿಯನ್ನು ತಿರುಗಿ ಹೇಳಿ ಒಪ್ಪಬೇಕು.