ಉಳುಕು ಎಂಬ ಒಂದು ಮಾತು

ಸ್ಮರಣ ಸಂಚಿಕೆಗೆಂದು ಕನ್ನಡ ಪಂಡಿತನಿಂದ ಲೇಖನವನ್ನು ಅಪೇಕ್ಷಿಸುವವರು ಸಾಮಾನ್ಯವಾಗಿ ಹರಿಹರನ ರಗಳೆಗಳನ್ನು ಕುರಿತೋ, ನಮ್ಮ ಮಳವಳ್ಳಿ ಸೀಮೆಯ ಧನಗೂರಿನ ಷಡಕ್ಷರದೇವನ ಕಾವ್ಯವನ್ನು ಕುರಿತೋ ನಾಲ್ಕು ಮಾತುಗಳನ್ನು ನಿರೀಕ್ಷಿಸುತ್ತಾರೆ. ಈ ಸಲ ಮಕ್ಕಳ ಹರಡು, ಮೊಣಕೈ, ಮಂಡಿಗಳ ವಿಷಯವನ್ನು ಎತ್ತಿಕೊಂಡಿದ್ದೇನೆಂದು ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಶಬ್ದದ ಅರ್ಥವನ್ನು ವಿಚಾರಿಸುವುದು ಪಂಡಿತನ ಕಾಯಕ. ಒಂದು ಶಬ್ದವನ್ನು ವಿಚಾರಿಸದೆ ಬಿಟ್ಟುದರಿಂದಲೇ ಮಕ್ಕಳ ಕೈಕಾಲುಗಳು ಊನಗೊಳ್ಳುವಂತಿದ್ದರೆ, ಅದು ವೈದ್ಯರ ವಿಷಯವೆಂದು ನಾವು ಸುಮ್ಮನಿರುವುದು ಉಚಿತವಲ್ಲ.

ಆ ಶಬ್ದವೇ 'ಉಳುಕು'. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಕಬಡ್ಡಿಯಾಡುವಾಗ ಹುಡುಗನ ಪಾದ ಒಳಕ್ಕೆ ಮಡಿಚಿಕೊಂಡರೂ ಉಳುಕು. ಖೋಖೋ ಆಟದಲ್ಲಿ ಹುಡುಗಿ ಅಂಗೈಯೂರಿ ಬಿದ್ದು ಮಣಿಕಟ್ಟು ಬಾತರೂ ಉಳುಕು. ಕಬ್ಬಿನ ಸೋಗೆಯ ಹೊರೆ ಹೊತ್ತ ತಾಯಿ ಬದುವಿನ ಮೇಲೆ ಜಾರಿ ಮಂಡಿಯನ್ನು ತಿರುಚಿಕೊಂಡರೂ ಉಳುಕೇ. ಈ ಒಂದು ಮಾತಿನ ಅಡಿಯಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕೇಡುಗಳು ಅಡಗಿವೆ. ಮೂಳೆಗೂ ಮೂಳೆಗೂ ಇರುವ ಕಟ್ಟು ಹಿಗ್ಗಿರಬಹುದು ಅಥವಾ ಹರಿದಿರಬಹುದು. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿ ನೊಂದಿರಬಹುದು. ಮೂಳೆಯೇ ಬಿರುಕು ಬಿಟ್ಟಿರಬಹುದು. ಕೀಲು ತನ್ನ ಸ್ಥಾನದಿಂದ ಜಾರಿರಬಹುದು. ಮೇಲೆ ಹೇಳಿದ ಕಟ್ಟನ್ನು ಅಸ್ಥಿರಜ್ಜುವೆಂದೂ ಹುರಿಯನ್ನು ಸ್ನಾಯುರಜ್ಜುವೆಂದೂ ಇಂದಿನ ಪಠ್ಯಪುಸ್ತಕಗಳು ಕರೆಯುತ್ತವೆ. ಬೆಳೆಯುವ ಮಕ್ಕಳಲ್ಲಿ ಇನ್ನೂ ಒಂದು ತೊಡಕುಂಟು. ಅವರ ಉದ್ದನೆಯ ಮೂಳೆಗಳ ತುದಿಯ ಬಳಿ ಬೆಳವಣಿಗೆಗೆ ಕಾರಣವಾದ ಮೃದುವಾದ ಪದರವೊಂದು ಇರುತ್ತದೆ. ದೊಡ್ಡವರಲ್ಲಿ ರಜ್ಜು ಹರಿಯುವಂಥ ಪೆಟ್ಟಿಗೆ ಮಕ್ಕಳಲ್ಲಿ ಆ ಪದರವೇ ಬಿರಿಯಬಹುದು.

'ನರ' ಎಂಬ ಮಾತಿನ ಗತಿಯೂ ಹೀಗೆಯೇ ಆಗಿದೆ. ಹಳ್ಳಿಯ ಬಳಕೆಯಲ್ಲಿ ರಕ್ತನಾಳವೂ ನರ, ಸಂವೇದನೆಯನ್ನು ಒಯ್ಯುವ ತಂತುವೂ ನರ, ಹಿಮ್ಮಡಿಯ ಮೇಲಿನ ಗಟ್ಟಿಯಾದ ಹುರಿಯೂ ನರ. 'ನರದ ಮೇಲೆ ನರ ಹತ್ತಿದೆ, ನೀವಿ ಇಳಿಸಬೇಕು' ಎಂಬ ತೀರ್ಮಾನ ಅಲ್ಲಿಂದ ಹುಟ್ಟುತ್ತದೆ. ಓದಿದವರ ಬಳಕೆಯೂ ಶುದ್ಧವಾಗಿಲ್ಲವೆನ್ನಬೇಕು. ಸ್ನಾಯುವೆಂದರೆ ಮಾಂಸಖಂಡವೆಂದು ಪತ್ರಿಕೆಗಳು ಬರೆಯುತ್ತವೆ; ಸುಶ್ರುತ ಸಂಹಿತೆಯಲ್ಲಿ ಮಾಂಸಖಂಡಕ್ಕೆ ಪೇಶೀ ಎಂದು ಹೆಸರು, ಕಟ್ಟುವ ತಂತುವಿಗೆ ಸ್ನಾಯು, ದಪ್ಪನೆಯ ಹುರಿಗೆ ಕಂಡರಾ. ದೇಹದಲ್ಲಿ 210 ಸಂಧಿಗಳನ್ನೂ 900 ಸ್ನಾಯುಗಳನ್ನೂ ಎಣಿಸುವ ಸುಶ್ರುತಾಚಾರ್ಯರು, ಹಲಗೆಗಳನ್ನು ಬಂಧಗಳಿಂದ ಬಿಗಿದ ದೋಣಿ ನೀರಿನ ಮೇಲೆ ಭಾರವನ್ನು ಹೊರುವಂತೆ ಸ್ನಾಯುಗಳಿಂದ ಬಿಗಿದ ಸಂಧಿಗಳ ಬಲದಿಂದ ಮನುಷ್ಯನು ಭಾರವನ್ನು ಹೊರುತ್ತಾನೆಂದು ಹೋಲಿಸುತ್ತಾರೆ. ಮೂಳೆ, ಪೇಶಿ, ಸಿರೆಗಳ ಕೇಡಿಗಿಂತಲೂ ಸ್ನಾಯುವಿನ ಕೇಡು ಹೆಚ್ಚು ಘಾತಕವೆಂದು ಎಚ್ಚರಿಸುವವರೂ ಅವರೇ.

ಹೆಸರು ತಿಳಿಯದಿದ್ದರೇನು, ನೋವು ಹೋದರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಹೆಸರು ತಿಳಿಯದ ಕಡೆಯಲ್ಲಿ ಎಲ್ಲಕ್ಕೂ ಒಂದೇ ಚಿಕಿತ್ಸೆ ನಡೆಯುತ್ತದೆ: ಹರಳೆಣ್ಣೆಯನ್ನು ಬಿಸಿಮಾಡಿ ನೀವುವುದು, ಎಳೆಯುವುದು, ದಬ್ಬೆಯಿಟ್ಟು ಬಿಗಿಯಾಗಿ ಕಟ್ಟುವುದು. ಬೆನ್ನಿನ ಸಾಮಾನ್ಯ ಉಳುಕಿಗೆ ಕಾಲು ಮುಂದಾಗಿ ಹುಟ್ಟಿದವರಿಂದ ಮೆಲ್ಲನೆ ತುಳಿಸಿಕೊಳ್ಳುವ ಪದ್ಧತಿಯನ್ನು ಕಂಡರೆ ನನಗೆ ನಗು ಬರುತ್ತದೆಯೇ ಹೊರತು ಕೋಪ ಬರುವುದಿಲ್ಲ. ಅಂಥ ನೋವು ಬಹುಮಟ್ಟಿಗೆ ತಾನಾಗಿಯೇ ಇಳಿಯುವಂಥದು. ಮೊಣಕೈಯ ವಿಷಯ ಹಾಗಲ್ಲ. ಪೆಟ್ಟು ತಿಂದ ಮೊಣಕೈಯನ್ನು ನೀವಿದರೆ ಮಾಂಸದೊಳಗೆ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳುವುದುಂಟು. ಕೈಯೂರಿ ಬಿದ್ದ ಮಕ್ಕಳಲ್ಲಿ ಮೊಣಕೈಯ ಮೇಲ್ಭಾಗದ ಮೂಳೆ ಮುರಿಯುವುದು ಸಾಮಾನ್ಯ. ಐದರಿಂದ ಏಳು ವರ್ಷದವರಲ್ಲಿ ಇದು ಹೆಚ್ಚು. ಅದರ ಮೇಲೆ ಬಿಗಿಯಾದ ಕಟ್ಟು ಬಿದ್ದರೆ ಮುಂಗೈಯ ಮಾಂಸಖಂಡಗಳಿಗೆ ರಕ್ತ ಹರಿಯುವುದು ನಿಂತು, ಸುಮಾರು ಆರು ಗಂಟೆಗಳಲ್ಲಿ ಮರಳಿ ಬಾರದ ನಷ್ಟವಾಗತೊಡಗುತ್ತದೆ. 1881ರಲ್ಲಿ ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಈ ವಿಕಾರವನ್ನು ವಿವರಿಸಿದರು. ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಅಂಥ ಬಾಲಕನೊಬ್ಬನಿದ್ದನು. ಬೇರೊಂದು ಊರಿನಲ್ಲಿ ಚಿಕ್ಕ ತರಗತಿಯಲ್ಲಿ ಓದುತ್ತಿದ್ದಾಗ, ಓಡುವ ಟ್ರಾಕ್ಟರಿನಿಂದ ಕಬ್ಬಿನ ಜಲ್ಲೆಯನ್ನು ಸೆಳೆಯಹೋಗಿ ಬಿದ್ದಿದ್ದನಂತೆ. ಉಳುಕೆಂದು ಕಟ್ಟು ಹಾಕಿಸಿದರು. ಮಗು ರಾತ್ರಿಯೆಲ್ಲ ಅತ್ತಿತು. ಅಳುವುದು ಸಹಜವೆಂದು ಹಿರಿಯರು ಸಮಾಧಾನ ಹೇಳಿದರು. ಮೂರನೆಯ ದಿನ ಕಟ್ಟನ್ನು ಬಿಚ್ಚುವ ವೇಳೆಗೆ ಬೆರಳುಗಳು ಮುದುಡಿದ್ದವು. ನನ್ನಲ್ಲಿಗೆ ಬಂದಾಗ ಅವನು ಎಡಗೈಯಲ್ಲಿ ಬಹು ಸುಂದರವಾಗಿ ಬರೆಯುತ್ತಿದ್ದನು. ಆದರೆ ಕುಡುಗೋಲನ್ನು ಹಿಡಿಯಲಾರನು, ಬಿಂದಿಗೆಯನ್ನು ಎತ್ತಲಾರನು. ಕೂಲಿಯಿಂದ ಬದುಕುವ ಮನೆಯಲ್ಲಿ ಬಲಗೈ ಹೋಯಿತೆಂದರೆ ಏನು ಹೋಯಿತೆಂಬುದನ್ನು ಕಾಯಕತತ್ತ್ವವನ್ನು ಬಲ್ಲ ಈ ಸಂಚಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ.

ಇಷ್ಟರಿಂದ ನಾನು ಮೂಳೆ ಕಟ್ಟುವವರನ್ನೆಲ್ಲ ಹಳಿಯುತ್ತಿದ್ದೇನೆಂದು ಭಾವಿಸಬಾರದು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ನಡುರಾತ್ರಿ ಎದ್ದು ಬಂದು, ತೆಂಗಿನಕಾಯಿ ಎಲೆ ಅಡಿಕೆಗಳನ್ನಷ್ಟೇ ಸ್ವೀಕರಿಸಿ ಹೋದವರು ಅವರು. ತಿರುಪತಿಗೆ ಸಮೀಪದ ಪುತ್ತೂರಿನ ಕಟ್ಟಿಗೆ (ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ನಾಡಿನಾದ್ಯಂತ ಹೆಸರಿದೆ. ಕ್ಷ-ಕಿರಣದ ಚಿತ್ರವನ್ನು ತಂದು ತೋರಿಸಿದ ಹೊರತು ಕೈ ಹಾಕದ ವಿವೇಕಿಗಳೂ ಅವರಲ್ಲಿದ್ದಾರೆ. ಪರಂಪರೆಯ ಹೆಸರಿನಲ್ಲಿ ಬಿಗಿಯಾಗಿ ಕಟ್ಟುವವರಿಗೆ ಮಾತ್ರ ಪರಂಪರೆಯನ್ನೇ ತೋರಿಸಬೇಕಾಗಿದೆ. ಭಗ್ನಚಿಕಿತ್ಸೆಯ ಅಧ್ಯಾಯದಲ್ಲಿ ಸುಶ್ರುತಾಚಾರ್ಯರು, ಕಟ್ಟು ಸಡಿಲವಾದರೆ ಸಂಧಿ ನಿಲ್ಲದೆಂದೂ, ಬಿಗಿಯಾದರೆ ಬಾವು, ನೋವು, ಕೀವುಗಳಾಗುವುವೆಂದೂ, ಆದ್ದರಿಂದ ಮಧ್ಯಮ ಬಂಧವೇ ಲೇಸೆಂದೂ ಹೇಳಿದ್ದಾರೆ. ತಂಪಿನ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬಿಸಿಲಿನ ಕಾಲದಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂಬುದೂ ಅಲ್ಲಿದೆ. ಬೆರಳು ನೀಲಿಗಟ್ಟಿದರೂ ಕಟ್ಟನ್ನು ಬಿಚ್ಚಬಾರದೆಂಬ ವಿಧಿ ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಆಟದ ಮೈದಾನದಲ್ಲಿ ನಿಂತ ಉಪಾಧ್ಯಾಯನು ಮಾಡಬೇಕಾದುದೇನು? ಮುಟ್ಟುವುದಕ್ಕೆ ಮೊದಲು ನೋಡಬೇಕು. ಅಂಗ ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ ಎಳೆದು ನೆಟ್ಟಗೆ ಮಾಡುವ ಸಾಹಸ ಬೇಡ. ಇದ್ದ ಭಂಗಿಯಲ್ಲಿಯೇ ಆಸರೆ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಕ್ರಿಯೆ ಬೇಕಾದೀತಾದ್ದರಿಂದ ದಾರಿಯಲ್ಲಿ ಹಾಲು ತಿಂಡಿಗಳನ್ನು ಕೊಡಬಾರದು. ಬಳೆ, ಉಂಗುರ, ಕಾಲ್ಗೆಜ್ಜೆಗಳನ್ನು ಬಾವೇರುವ ಮೊದಲೇ ತೆಗೆಯಬೇಕು. ಹರಡಿನ ಪೆಟ್ಟಿಗೆ ಸುಲಭವಾದ ಒಂದು ಪರೀಕ್ಷೆಯಿದೆ. 1992ರಲ್ಲಿ ಕೆನಡಾ ದೇಶದ ಆಟವಾ ನಗರದ ವೈದ್ಯರು ಇದನ್ನು ಪ್ರಕಟಿಸಿದರು. ಕುಂಟುತ್ತಲಾದರೂ ನಾಲ್ಕು ಹೆಜ್ಜೆಗಳನ್ನು ಇಡಲಾಗದಿದ್ದರೆ, ಇಲ್ಲವೆ ಹರಡಿನ ಎರಡು ಪಕ್ಕದ ಉಬ್ಬುಮೂಳೆಗಳ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ನೋವಾದರೆ, ಕ್ಷ-ಕಿರಣದ ಚಿತ್ರ ಅವಶ್ಯ. ನಡುಪಾದದ ಒಳಬದಿಯ ಮೂಳೆಗೂ ಹೊರ ಅಂಚಿನ ಮೂಳೆಯ ಬುಡಕ್ಕೂ ಇದೇ ನಿಯಮ. ನಡೆಯಲೊಲ್ಲದ ಮಗುವನ್ನು ಬಲವಂತವಾಗಿ ನಡೆಸುವುದು ಪರೀಕ್ಷೆಯಲ್ಲ, ಹಿಂಸೆ. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದೂರವೆಂಬ ನೆಪ ನಮಗೀಗ ಇಲ್ಲ.

ಕಟ್ಟು ಹಾಕಿದ ಮೇಲೂ ಬೆರಳನ್ನು ನೋಡುತ್ತಿರಬೇಕು. ಉಗುರನ್ನು ಒತ್ತಿ ಬಿಟ್ಟರೆ ಎರಡು ಕ್ಷಣಗಳಲ್ಲಿ ಕೆಂಪು ಮರಳಬೇಕು. ನೋವು ಗಂಟೆಗಂಟೆಗೂ ಏರಿದರೆ, ಬೆರಳನ್ನು ಮೆಲ್ಲನೆ ನೀಡಿದೊಡನೆ ಮಗು ಚೀರಿದರೆ, ಬೆಳಗಾಗಲೆಂದು ಕಾಯದೆ ಕಟ್ಟನ್ನು ಸಡಿಲಿಸಿ ವೈದ್ಯರಲ್ಲಿಗೆ ಓಡಬೇಕು.

ಹೊಸ ವಿದ್ಯೆಯವರೂ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆಂಬುದು ಗಮನಾರ್ಹ. ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರದಲ್ಲಿ ಇರಿಸುವುದು ಎಂಬ ಸೂತ್ರವನ್ನು 1978ರಲ್ಲಿ ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಮಂಜುಗಡ್ಡೆಯಿಂದಲೂ ಪೂರ್ಣ ವಿಶ್ರಾಂತಿಯಿಂದಲೂ ಗುಣವಾಗುವುದು ತಡವಾಗಬಹುದೆಂದು ಮುಂದೆ ಬರೆದರು. ನೋವನ್ನು ತಗ್ಗಿಸಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ, ಸಾಧಾರಣ ಉಳುಕಿನಲ್ಲಿ ಎರಡು ಮೂರು ದಿನಗಳ ಬಳಿಕ ನೋವು ತಾಳುವಷ್ಟು ಕೀಲನ್ನು ಆಡಿಸತೊಡಗಬೇಕು. ಒಮ್ಮೆ ಉಳುಕಿದ ಹರಡು ಮತ್ತೆ ಮತ್ತೆ ಉಳುಕುತ್ತದೆ. ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಅದನ್ನು ತಗ್ಗಿಸುತ್ತದೆ. ವೃಕ್ಷಾಸನವನ್ನು ಕಲಿಸುವ ನಮ್ಮ ವ್ಯಾಯಾಮ ಶಿಕ್ಷಕರಿಗೆ ಇದು ಹೊಸದೇನಲ್ಲ.

ಬೀಳದೆಯೇ ಆಗುವ ನೋವುಗಳೂ ಉಂಟು. ದಾಸೋಹದ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ರಾಗಿಮುದ್ದೆಯನ್ನು ತೊಳಸುವವರ ಮಣಿಕಟ್ಟು ಮೊಣಕೈಗಳನ್ನು ವಿಚಾರಿಸಿದವರು ನಮ್ಮಲ್ಲೆಷ್ಟು ಮಂದಿ? ಅಲ್ಲಿ ನೋಯುವುದು ಸ್ನಾಯುರಜ್ಜು. ಅದಕ್ಕೆ ಬೇಕಾದುದು ಸರದಿಯ ಕೆಲಸ, ಮೊದಲು ಹಗುರವಾಗಿ ಆಮೇಲೆ ಕ್ರಮವಾಗಿ ಹೆಚ್ಚುವ ಶ್ರಮ, ಬಿಗಿಯಾದ ಕಟ್ಟಲ್ಲ. ನಲವತ್ತು ದಾಟಿದ ಉಪಾಧ್ಯಾಯರು ಕಪ್ಪುಹಲಗೆಯ ಮೇಲ್ತುದಿಗೆ ಕೈ ಎಟುಕದೆಂದರೆ ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿಕೊಳ್ಳಲಿ. ಭುಜ ಬಿಗಿಯುವ ರೋಗ ಅದರೊಡನೆ ಹೆಚ್ಚಾಗಿ ಬರುತ್ತದೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಮಹಾದ್ವಾರಗಳೂ ಸಭಾಭವನಗಳೂ ನಮಗೆ ಸಾಕಷ್ಟು ಆಗಿವೆ. ದೇಹವನ್ನೇ ಗುಡಿಯೆಂದು ಕಂಡ ಬಸವಣ್ಣನವರ ಹೆಸರನ್ನು ಹೇಳುವ ಸಂಸ್ಥೆಯ ಕಬಡ್ಡಿ ಅಂಕಣ ಕಲ್ಲಿನಂತೆ ಗಟ್ಟಿಯಾಗಿರಬಾರದು. ಅದನ್ನು ಅಗೆಸಿ, ಜರಡಿ ಹಿಡಿದ ಮೆತ್ತನೆಯ ಮಣ್ಣನ್ನು ಹಾಕಿಸಲಿ. ಪ್ರತಿ ಶಾಲೆಗೂ ಅಗಲವಾದ ಪಟ್ಟಿಗಳು, ನಾಲ್ಕು ಹಲಗೆಗಳು, ಒಂದು ಮಡಿಸುವ ಡೋಲಿ ಬೇಕು. ವರ್ಷಕ್ಕೊಮ್ಮೆ ಮೂಳೆವೈದ್ಯರನ್ನು ಕರೆಸಿ ಉಪಾಧ್ಯಾಯರಿಗೆ ಒಂದು ದಿನದ ಪಾಠವಾಗಲಿ. ಸುತ್ತಿನ ಹಳ್ಳಿಗಳ ಮೂಳೆ ಕಟ್ಟುವವರನ್ನೂ ಶಾಲು ಹೊದಿಸಿ ಆ ಸಭೆಗೆ ಬರಮಾಡಿಕೊಳ್ಳಬೇಕು. ಔಷಧದ ಪೆಟ್ಟಿಗೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನೊಳಗೆ ಬೇಡ. ಸಂಜೆ ಆಟದ ವೇಳೆಗೆ ಆ ಕೊಠಡಿ ಮುಚ್ಚಿರುತ್ತದೆ. ಅದು ಮೈದಾನದ ಕಡೆಗಿರುವ ಗೋಡೆಯ ಮೊಳೆಯಲ್ಲಿ ತೂಗಲಿ.