ಮೊದಲ ಗಾಳಕ್ಕೆ ಏನು ಕಟ್ಟಬೇಕು?

ಮಗು ಬಾಸ್ ಮೀನು ಹಿಡಿಯಬೇಕೆಂದು ಹಟ ಹಿಡಿದಿದೆಯೇ? ಅಂಗಡಿಯ ಬಣ್ಣಬಣ್ಣದ ಲೂರ್‌ಗಳನ್ನು ನೋಡಿ ಬೆದರಬೇಡಿ. ಗುಂಡಿ ಒತ್ತಿ ಎಸೆಯುವ ಸ್ಪಿನ್‌ಕಾಸ್ಟ್ ರೀಲ್, ಐದೂವರೆ ಅಡಿಯ ರಾಡ್, 8 ಪೌಂಡ್ ದಾರ ಸಾಕು. ಗಾಳಕ್ಕೆ 5 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು. ನಡುವಿಗೆ ಚುಚ್ಚಿದರೆ ಎರಡೂ ತುದಿ ಅಲುಗಾಡಿಸುತ್ತ ನಿಧಾನವಾಗಿ ಮುಳುಗುತ್ತದೆ. ತಿಳಿನೀರಿಗೆ ಮಾಸಲು ಹಸಿರು, ಕದಡಿದ ನೀರಿಗೆ ಕಪ್ಪು.

ಮೂರು ಮೊನೆಯ ಗಾಳವಿರುವ ಲೂರ್ ಸದ್ಯಕ್ಕೆ ಬೇಡವೇ ಬೇಡ. ಮೀನಿಗಿಂತ ಮೊದಲು ತಮ್ಮನ ಕಿವಿಗೆ ಸಿಕ್ಕೀತು! ಒಂಟಿ ಗಾಳದ ಹಿಂಮುಳ್ಳನ್ನೂ ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಚರ್ಮಕ್ಕೆ ಚುಚ್ಚಿದರೂ ಸಲೀಸಾಗಿ ಬರುತ್ತದೆ, ಮೀನನ್ನು ಬಿಡುವುದೂ ಸುಲಭ. ಕಣ್ಣಿಗೆ ಕನ್ನಡಕ ಕಡ್ಡಾಯ.

ದಡದಲ್ಲಿ "ಕಚ್ಚಿತು! ಎಳಿ! ಸ್ವಲ್ಪ ಸಡಿಲ ಬಿಡು!" ಎಂದು ಕನ್ನಡದಲ್ಲೇ ಕೂಗಿ. ಅರ್ಥ ಕೇಳಲು ಮಗುವಿಗೆ ಆಗ ಪುರುಸೊತ್ತೇ ಇರುವುದಿಲ್ಲ.